ಒಟಿಪಿ ಹೇಳಬೇಡಿ ಅನ್ನುವವರು ಈ ಪಟ್ಟಿಯನ್ನೂ ಓದಲಿ

"ಒಟಿಪಿ ಯಾರಿಗೂ ಹೇಳಬೇಡಿ" ಎಂದು ಬ್ಯಾಂಕಿನವರು ಮೆಸೇಜು ಕಳಿಸುತ್ತಾರೆ. ಪೊಲೀಸರೂ ಅದನ್ನೇ ಹೇಳುತ್ತಾರೆ. ಒಳ್ಳೆಯ ಮಾತು, ಮೋಸ ಹೋದವರ ಕಥೆ ನಮ್ಮಲ್ಲೂ ಬೇಕಾದಷ್ಟಿದೆ. ಆದರೆ ನಾವುಂದದಲ್ಲಿ ಒಟಿಪಿಯನ್ನು ಯಾರಿಗೂ ಹೇಳದೆ ಕೂತರೆ ವಯಸ್ಸಾದವರ ಅರ್ಧ ಕೆಲಸ ಆಗುವುದಿಲ್ಲ. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ, ಆಧಾರ್ ಜೋಡಿಸುವಾಗ, ಪಿಂಚಣಿ ಯಾಕೆ ನಿಂತಿತು ಎಂದು ನೋಡುವಾಗ ಕೌಂಟರಿನ ಆಚೆ ಕೂತವರು ಕೇಳುವುದು ಒಂದೇ: "ಹ್ವಾಯ್, ನಂಬ್ರ ಬಂತಾ ಕಾಣಿ." ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಫೋನನ್ನೇ ಆಚೆ ಕೊಡುತ್ತಾರೆ. ಕೆಲವರ ನಂಬರು ಮಗನ ಹೆಸರಲ್ಲಿರುತ್ತದೆ, ಮಗ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲಿನ ಕೆಲಸದಲ್ಲಿರುತ್ತಾನೆ. ಅವನಿಗೆ ಫೋನು ಹಚ್ಚಿ, ಅವನು ಎತ್ತಿ, ನಂಬರು ಓದಿ ಹೇಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮತ್ತೆ ಮೊದಲಿಂದ.

ಇದನ್ನು ಹಳ್ಳಿಯವರ ದಡ್ಡತನ ಎಂದು ತಿಳಿದವರು ಬಹಳ ಮಂದಿ. ನನ್ನ ವಾದ ಬೇರೆ. ಇದು ನಾವು ಫೋನು ಬಳಸುವ ರೀತಿ. ನಮ್ಮಲ್ಲಿ ಫೋನು ಒಬ್ಬರ ಕೆಲಸವಲ್ಲ, ಇಬ್ಬರು ಮೂವರು ಕೂಡಿ ಮಾಡುವ ಕೆಲಸ. ತಪ್ಪು ಇರುವುದು ಅದನ್ನು ಒಬ್ಬರ ಕೆಲಸ ಎಂದು ಎಣಿಸಿ ಆಪ್ ಮಾಡಿದವರಲ್ಲಿ. ಇದು ನನ್ನ ತಲೆಯಲ್ಲಿ ಹುಟ್ಟಿದ ಮಾತೂ ಅಲ್ಲ. 2010ರಲ್ಲೇ, ನಮ್ಮದೇ ರಾಜ್ಯದ ರಾಜಧಾನಿಯ ಎರಡು ಕೊಳೆಗೇರಿಗಳಲ್ಲಿ ಜನರ ಜೊತೆ ಇದ್ದು ನೋಡಿ ಬರೆದಿಟ್ಟಿದ್ದಾರೆ. ಬರೆದದ್ದು ಇಂಗ್ಲಿಷಿನಲ್ಲಿ, ಓದಿದ್ದು ಹೊರಗಿನವರು.

ಬರೆದವರಲ್ಲಿ ಮೊದಲ ಹೆಸರು ನಿತ್ಯಾ ಸಾಂಬಶಿವನ್. ಮನುಷ್ಯರು ಮತ್ತು ಕಂಪ್ಯೂಟರು ಹೇಗೆ ಒಡನಾಡುತ್ತಾರೆ ಎಂಬುದನ್ನು ಓದುವ ಸಂಶೋಧಕಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿ ಮಾಡಿದವರು, ಮುಂದೆ ಗೂಗಲ್‌ನ ಸಂಶೋಧನಾ ವಿಭಾಗದಲ್ಲಿ ಕೆಲಸ ಮಾಡಿದವರು. ಸಂಶೋಧಕರಿಗೆ ಅವರ ಪ್ರಕಟಣೆಗಳ ಪಟ್ಟಿಯೇ ಜಾತಕ ಇದ್ದ ಹಾಗೆ. ಇವರ ಜಾತಕದಿಂದ ನಾಲ್ಕು ಲೇಖನಗಳನ್ನು ಮಾತ್ರ ತೆಗೆದುಕೊಂಡು ನಾವುಂದದಿಂದ ಓದಿದರೆ ಏನು ಕಾಣುತ್ತದೆ ಎಂದು ಹೇಳುತ್ತೇನೆ.

ಈ ವಿದ್ಯೆ ಯಾವುದು?

ಬಟನ್ ಎಲ್ಲಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ತಪ್ಪು ಒತ್ತಿದರೆ ವಾಪಸ್ ಬರುವ ದಾರಿ ಇದೆಯಾ ಎಂದು ನೋಡುವ ವಿದ್ಯೆ ಇದು. ಇದರ ಮೊದಲ ಪಾಠ ನಮಗೆ ಬಹಳ ಬೇಕಾದದ್ದು. ನೂರು ಜನ ಒಂದೇ ಕಡೆ ತಪ್ಪು ಒತ್ತುತ್ತಾರೆ ಎಂದಾದರೆ ತಪ್ಪು ಜನರದ್ದಲ್ಲ, ಬಟನ್ನಿನದ್ದು. ತಳ್ಳಬೇಕಾದ ಬಾಗಿಲಿಗೆ ಎಳೆಯುವ ಹಿಡಿಕೆ ಇಟ್ಟರೆ ಎಳೆದವನನ್ನು ಬೈದು ಏನು ಪ್ರಯೋಜನ?

ಇದರ ಪಕ್ಕದಲ್ಲೇ ಇನ್ನೊಂದು ವಿದ್ಯೆ ಬೆಳೆಯಿತು. ಕಂಪ್ಯೂಟರ್ ನಡುವೆ ಇಟ್ಟುಕೊಂಡು ನಾಲ್ಕು ಜನ ಕೂಡಿ ಕೆಲಸ ಮಾಡುವುದು ಹೇಗೆ ಎಂಬುದು ಅದರ ಪ್ರಶ್ನೆ. ಇದಕ್ಕೆಂದೇ ಒಂದು ಸಮ್ಮೇಳನ 1986ರಲ್ಲಿ ಶುರುವಾಯಿತು. ಅವರ ಮನಸ್ಸಿನಲ್ಲಿದ್ದದ್ದು ಹೆಚ್ಚಾಗಿ ಕಚೇರಿಗಳು, ಇಂಜಿನಿಯರುಗಳು, ದೊಡ್ಡ ಕಂಪನಿಗಳು. ಆದರೆ ಕೂಡಿ ಮಾಡುವ ಕೆಲಸ ಎಂದರೆ ಕಂಪನಿಯ ಮೀಟಿಂಗ್ ಮಾತ್ರವಾ? ಮರವಂತೆಯಲ್ಲಿ ಬಲೆ ಎಳೆಯುವುದೂ ಕೂಡಿ ಮಾಡುವ ಕೆಲಸ, ಅಜ್ಜಿಯ ಪಿಂಚಣಿ ಸರಿ ಮಾಡಿಸುವುದೂ ಕೂಡಿ ಮಾಡುವ ಕೆಲಸ.

2010ರ ಲೇಖನ: ನಡುವಿನವರು

ನಿತ್ಯಾ ಸಾಂಬಶಿವನ್, ಎಡ್ ಕಟ್ರೆಲ್, ಕೆಂಟಾರೊ ತೊಯಾಮ, ಬಾನಿ ನಾರ್ಡಿ ಈ ನಾಲ್ವರು 2010ರಲ್ಲಿ ಅಟ್ಲಾಂಟಾದ ಸಮ್ಮೇಳನದಲ್ಲಿ ಮುಂದಿಟ್ಟ ಲೇಖನ ಹೇಳುವುದು ಇಷ್ಟು. ಅಕ್ಷರ ಬಾರದವರು, ಫೋನು ಒತ್ತಲು ತಿಳಿಯದವರು, ಫೋನು ಕೊಳ್ಳಲು ದುಡ್ಡಿಲ್ಲದವರು ತಂತ್ರಜ್ಞಾನದ ಹೊರಗೆ ಇದ್ದಾರೆ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಅವರು ಒಳಗೇ ಇದ್ದಾರೆ, ಇನ್ನೊಬ್ಬರ ಕೈ ಹಿಡಿದು ಬಂದಿದ್ದಾರೆ.

ಆ ಕೈ ಹಿಡಿಯುವುದರಲ್ಲಿ ಮೂರು ಬಗೆ ಕಂಡಿತು. ಒಂದು, ಇವರು ಹೇಳಿದ್ದನ್ನು ಅವರು ಒತ್ತಿ ಕೊಡುವುದು. "ನನ್ನ ತಮ್ಮನಿಗೆ ಫೋನು ಹಚ್ಚಿ ಕೊಡು" ಅನ್ನುತ್ತೇವಲ್ಲ, ಅದು. ಎರಡು, ಪರದೆಯ ಮೇಲೆ ಬಂದದ್ದನ್ನು ಅವರು ಓದಿ ಅರ್ಥ ಹೇಳುವುದು. "ಇದೆಂತ ಮೆಸೇಜು ಬಂತು ಕಾಣು" ಅನ್ನುವುದು. ಮೂರು, ಒತ್ತುವುದೂ ಓದುವುದೂ ಎರಡೂ ಅವರೇ. ಕೆಲಸ ಯಾರದ್ದೋ ಅವರು ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದಲ್ಲಿ ಹೆಬ್ಬೆಟ್ಟು ಇಡುತ್ತಾರೆ, ಅಷ್ಟೇ.

ಈಗ ನಮ್ಮೂರಿಗೆ ಬನ್ನಿ. 2010ರಲ್ಲಿ ಈ ಮೂರೂ ಇದ್ದದ್ದು ಹೆಚ್ಚಾಗಿ ಮನೆಯೊಳಗೆ ಮತ್ತು ನೆರೆಮನೆಯಲ್ಲಿ. ಮಗ, ಮೊಮ್ಮಗಳು, ಪಕ್ಕದ ಮನೆಯ ಕಾಲೇಜು ಹುಡುಗ. ಈಗ ಅದಕ್ಕೆ ಬೋರ್ಡು ಹಾಕಿದ ಅಂಗಡಿಯೇ ಇದೆ. ಗ್ರಾಮ ಒನ್ ಇದೆ, ಪಂಚಾಯತಿಯಲ್ಲಿ ಬಾಪೂಜಿ ಸೇವಾ ಕೇಂದ್ರ ಇದೆ, ಪೇಟೆಯಲ್ಲಿ ಸೈಬರ್ ಸೆಂಟರ್ ಇದೆ. 2023ರಲ್ಲಿ ಗೃಹಲಕ್ಷ್ಮಿ ಅರ್ಜಿಗೆ ಹೆಂಗಸರು ಸಾಲು ನಿಂತದ್ದು ಎಲ್ಲಿ? ತಮ್ಮ ಫೋನಿನ ಮುಂದೆ ಅಲ್ಲ, ಈ ಕೇಂದ್ರಗಳ ಮುಂದೆ. ತಿಂಗಳಿಗೆ 2000 ರೂಪಾಯಿಯ ಯೋಜನೆ ಮನೆಮನೆಗೆ ಮುಟ್ಟಿದ್ದರಲ್ಲಿ ದೊಡ್ಡ ಪಾಲು ಈ ನಡುವಿನವರದ್ದು.

ಮಳೆಗಾಲದಲ್ಲಿ ಸೌಪರ್ಣಿಕೆ ಉಕ್ಕಿ ಸಾಲ್ಬುಡದ ಕಡೆ ನೀರು ನುಗ್ಗಿದರೆ ನಷ್ಟದ ಅರ್ಜಿ ಬರೆಯಬೇಕು, ಫೋಟೊ ತೆಗೆಯಬೇಕು, ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಬೇಕು. ಅಂಗಳದಲ್ಲಿ ನೀರು ನಿಂತವರು ತಾವೇ ಆಪ್ ತೆರೆದು ಇದನ್ನೆಲ್ಲ ಮಾಡುತ್ತಾರೆ ಎಂದು ನಂಬುವವರು ಒಮ್ಮೆ ಜುಲೈ ತಿಂಗಳಲ್ಲಿ ಈ ಕಡೆ ಬಂದು ನೋಡಲಿ.

ಇಷ್ಟಾದರೂ ಪರದೆಯ ಮೇಲೆ ಈ ಮೂರನೆಯ ಬಗೆಗೆ ಜಾಗವೇ ಇಲ್ಲ. ಎಷ್ಟೋ ಆಪ್‌ಗಳ ಲೆಕ್ಕದಲ್ಲಿ ಫೋನು ಹಿಡಿದವರೇ ಅರ್ಜಿದಾರರು, ನಂಬರು ಅವರದ್ದೇ, ಕಣ್ಣು ಅವರದ್ದೇ, ಇಂಗ್ಲಿಷೂ ಅವರಿಗೆ ಬರುತ್ತದೆ. ಅದಕ್ಕೇ ಒಟಿಪಿಯ ಈ ಸಂಕಟ. ಒಂದು ಬಾಯಿಂದ ವ್ಯವಸ್ಥೆ "ಯಾರಿಗೂ ಹೇಳಬೇಡ" ಅನ್ನುತ್ತದೆ, ಇನ್ನೊಂದು ಬಾಯಿಂದ "ಹೇಳದಿದ್ದರೆ ಕೆಲಸ ಆಗುವುದಿಲ್ಲ" ಅನ್ನುತ್ತದೆ. ಸಿಕ್ಕಿಬೀಳುವುದು ಅಜ್ಜಿ. ನಾಳೆ ಮೋಸ ಆದರೆ "ನೀವು ಯಾಕೆ ಹೇಳಿದಿರಿ" ಎಂದು ಕೇಳಿಸಿಕೊಳ್ಳುವುದೂ ಅಜ್ಜಿಯೇ. ದಿನವೂ ಹತ್ತು ಸಲ ಒಳ್ಳೆಯವರಿಗೆ ಒಟಿಪಿ ಹೇಳಿ ಅಭ್ಯಾಸವಾದ ಊರಿನಲ್ಲಿ ಹನ್ನೊಂದನೆಯ ಸಲ ಕಳ್ಳ ಫೋನು ಮಾಡಿದಾಗ ಗುರುತಿಸುವುದು ಹೇಗೆ? ಆ ಅಭ್ಯಾಸ ಕಲಿಸಿದವರು ಯಾರು?

ದೂರದ ಮಗ

ಬೆಂಗಳೂರಿನ ಮಗನ ವಿಷಯಕ್ಕೂ ಈ ವಿದ್ಯೆಯಲ್ಲಿ ಒಂದು ಹಳೆಯ ಲೇಖನ ಇದೆ. ಗ್ಯಾರಿ ಓಲ್ಸನ್ ಮತ್ತು ಜುಡಿತ್ ಓಲ್ಸನ್ ಎಂಬ ಅಮೆರಿಕದ ದಂಪತಿ 2000ದಲ್ಲಿ ಬರೆದದ್ದು. ಫೋನು, ವಿಡಿಯೊ, ಇಮೇಲ್ ಎಲ್ಲ ಬಂದ ಮೇಲೆ ದೂರ ಎನ್ನುವುದೇ ಇರುವುದಿಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಇವರು ಇಲ್ಲ, ದೂರ ಲೆಕ್ಕಕ್ಕೆ ಬರುತ್ತದೆ ಎಂದರು. ದೂರ ಇದ್ದು ಕೂಡಿ ಕೆಲಸ ಮಾಡಲು ನಾಲ್ಕು ಸಂಗತಿ ಬೇಕು ಎಂದರು. ಇಬ್ಬರಿಗೂ ವಿಷಯ ಒಂದೇ ರೀತಿ ಗೊತ್ತಿರಬೇಕು. ಕೆಲಸ ಕ್ಷಣಕ್ಷಣಕ್ಕೂ ಒಬ್ಬರನ್ನೊಬ್ಬರು ಕೇಳಬೇಕಾದಷ್ಟು ಹೆಣೆದುಕೊಂಡಿರಬಾರದು. ಕೂಡಿ ಮಾಡುವ ಮನಸ್ಸಿರಬೇಕು. ತಂತ್ರಜ್ಞಾನದ ಅಭ್ಯಾಸವೂ ಇರಬೇಕು.

ನಾವುಂದದ ತಾಯಿ, ಕೇಂದ್ರದ ಹುಡುಗಿ, ಬೆಂಗಳೂರಿನ ಮಗ, ಈ ಮೂವರ ತಂಡವನ್ನು ಈ ನಾಲ್ಕರಲ್ಲಿ ಅಳೆದು ನೋಡಿ. ಮನಸ್ಸು ಇದೆ, ಅದರಲ್ಲಿ ನಮಗೆ ಪೂರ್ತಿ ಮಾರ್ಕು. ಅಭ್ಯಾಸವೂ ಮಗನಿಗೆ ಇದೆ. ಆದರೆ ಕೇಂದ್ರದ ಪರದೆಯಲ್ಲಿ ಏನು ಕಾಣುತ್ತಿದೆ ಎಂದು ಮಗನಿಗೆ ಗೊತ್ತಿಲ್ಲ. ಮಗನ ಫೋನಿಗೆ ಬಂದದ್ದು ಇಂಗ್ಲಿಷಿನ ಒಂದು ಸಾಲು, ಯಾವ ಕೆಲಸಕ್ಕೆ ಎಂದು ಅದರಲ್ಲಿ ಸ್ಪಷ್ಟವಿಲ್ಲ. ಇನ್ನು ಒಟಿಪಿ ಎಂದರೆ ಕ್ಷಣಕ್ಷಣಕ್ಕೂ ಹೆಣೆದುಕೊಂಡ ಕೆಲಸವೇ. ಮಗ ಟೇಬಲ್ ಒರೆಸುತ್ತಿದ್ದರೆ, ಧಣಿ ಎದುರಿಗಿದ್ದರೆ, ಫೋನು ಎತ್ತಲು ಆಗದಿದ್ದರೆ ಮುಗಿಯಿತು. ದೂರದ ತಂಡಕ್ಕೆ ಯಾವುದು ಕೊಡಬಾರದೋ ಅದನ್ನೇ ಹುಡುಕಿ ಕೊಟ್ಟ ಹಾಗಿದೆ. ಇದನ್ನು ಹಾಗೆ ಮಾಡಬೇಡಿ ಎಂದು 2000ದಲ್ಲೇ ಬರೆದಿದ್ದಾರೆ.

2018ರ ಲೇಖನ: ಹೆಂಗಸರ ಫೋನು

ಪಟ್ಟಿಯಲ್ಲಿ ಇನ್ನೊಂದು, 2018ರದ್ದು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ 199 ಮಂದಿ ಹೆಂಗಸರನ್ನು ಮಾತಾಡಿಸಿ ಬರೆದದ್ದು. ಫೋನಿನಲ್ಲಿ ಗುಟ್ಟು ಕಾಯುವುದೆಲ್ಲ ಸಿರಿವಂತ ಹೆಂಗಸರಿಗೆ, ನನಗಲ್ಲ ಎಂಬ ಅರ್ಥದ ಒಂದು ಮಾತು ಆ ಲೇಖನದ ತಲೆಬರಹದಲ್ಲೇ ಇದೆ.

ಹೆಂಗಸರ ಫೋನು ಮನೆಯವರೆಲ್ಲರ ಫೋನು ಎಂಬುದನ್ನು ಅವರು ಕಂಡರು. ಮಕ್ಕಳು ಆಟ ಆಡುತ್ತಾರೆ, ಗಂಡ ನೋಡುತ್ತಾನೆ, ಅತ್ತೆ ಕೇಳುತ್ತಾರೆ. ಕೊಡುವುದಿಲ್ಲ ಎನ್ನುವ ಹಾಗಿಲ್ಲ, ಅಂದರೆ "ಏನು ಬಚ್ಚಿಡುತ್ತೀ" ಎಂಬ ಪ್ರಶ್ನೆ ಬರುತ್ತದೆ. ಹಾಗಂತ ಇವರು ಸುಮ್ಮನೆ ಕೂತಿಲ್ಲ. ಫೋನಿಗೆ ಲಾಕ್ ಹಾಕುತ್ತಾರೆ, ಕೆಲವು ಆಪ್‌ಗಳಿಗೆ ಮಾತ್ರ ಬೇರೆ ಲಾಕ್ ಹಾಕುತ್ತಾರೆ, ಬೇಕಾದ ಮೆಸೇಜು ಅಳಿಸುತ್ತಾರೆ, ಕೆಲವು ವಿಷಯ ಫೋನಿನಲ್ಲಿ ಮಾತಾಡುವುದನ್ನೇ ಬಿಡುತ್ತಾರೆ. ಈ ಜಾಣತನವನ್ನು ಆ ಲೇಖನ ಒಂದೊಂದಾಗಿ ಹೆಸರಿಟ್ಟು ಬರೆದಿದೆ. ಓದುತ್ತಿರುವ ಅಕ್ಕತಂಗಿಯರಿಗೆ ಇದರಲ್ಲಿ ಹೊಸದೇನೂ ಇಲ್ಲ, ಗೊತ್ತು. ಹೊಸದು ಏನೆಂದರೆ ಇದನ್ನು ವಿದ್ಯೆ ಎಂದು ಯಾರೋ ಗೌರವದಿಂದ ಬರೆದುಕೊಂಡಿದ್ದಾರೆ.

ಇದಕ್ಕೂ ಗೃಹಲಕ್ಷ್ಮಿಗೂ ಏನು ಸಂಬಂಧ? ದುಡ್ಡು ಮನೆಯ ಯಜಮಾನಿಯ ಖಾತೆಗೆ ಬರುತ್ತದೆ ಸರಿ. ಬಂದ ಮೆಸೇಜು ಯಾರ ಫೋನಿಗೆ ಬರುತ್ತದೆ, ಅದನ್ನು ಮೊದಲು ಓದುವವರು ಯಾರು, ತೆಗೆದುಕೊಂಡು ಬರುವವರು ಯಾರು ಎಂಬುದನ್ನೂ ನೋಡಬೇಕು. ಖಾತೆ ಹೆಂಗಸಿನದ್ದು, ಫೋನು ಗಂಡನದ್ದು ಎಂದಾದರೆ ಯೋಜನೆಯ ಅರ್ಧ ಆಶಯ ಮೆಸೇಜಿನಲ್ಲೇ ಸೋರಿ ಹೋಗುತ್ತದೆ. ಇದನ್ನು ತಡೆಯಲು ಹೊಸ ಕಾನೂನು ಬೇಡ. ಖಾತೆಗೆ ಯಾವ ನಂಬರು ಜೋಡಣೆಯಾಗಿದೆ ಎಂದು ಆ ಹೆಂಗಸಿಗೇ ಬಾಯಲ್ಲಿ ಹೇಳಿ, ಬದಲಿಸಬೇಕಾ ಎಂದು ಒಂದು ಮಾತು ಕೇಳಿದರೆ ಸಾಕು.

2021, 2022ರ ಲೇಖನಗಳು: ಮಾಹಿತಿ ತರುವವರು

ಮೂರನೆಯದು 2021ರದ್ದು, ಕೃತಕ ಬುದ್ಧಿಮತ್ತೆಯ ಕೆಲಸದಲ್ಲಿರುವ 53 ಮಂದಿಯನ್ನು ಭಾರತ, ಆಫ್ರಿಕಾದ ಕೆಲವು ದೇಶ ಮತ್ತು ಅಮೆರಿಕದಲ್ಲಿ ಮಾತಾಡಿಸಿ ಬರೆದದ್ದು. ಎಲ್ಲರಿಗೂ ಯಂತ್ರದ ಬುದ್ಧಿ ಕಟ್ಟುವ ಕೆಲಸ ಬೇಕು, ಅದಕ್ಕೆ ಬೇಕಾದ ಮಾಹಿತಿ ಸರಿಯಾಗಿ ಕೂಡಿಸುವ ಕೆಲಸ ಯಾರಿಗೂ ಬೇಡ ಎಂಬುದು ಅದರ ತಿರುಳು. ಮೊದಲ ಹಂತದಲ್ಲಿ ಆದ ಸಣ್ಣ ತಪ್ಪು ಮುಂದೆ ಮುಂದೆ ದೊಡ್ಡದಾಗಿ ಕೊನೆಗೆ ಎಲ್ಲವನ್ನೂ ಕೆಡಿಸುತ್ತದೆ. ಮಾತಾಡಿಸಿದವರಲ್ಲಿ ನೂರಕ್ಕೆ 92 ಮಂದಿ ಅಂಥದ್ದನ್ನು ಒಮ್ಮೆಯಾದರೂ ಅನುಭವಿಸಿದ್ದರು. ಗದ್ದೆಗೆ ನೀರು ಬಿಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಕಂಟದಲ್ಲಿ ಬಿಟ್ಟ ತೂತು ಕೆಳಗಿನ ಗದ್ದೆಯನ್ನು ಒಣಗಿಸುತ್ತದೆ.

ನಾಲ್ಕನೆಯದು ಅದರ ಮುಂದಿನ ವರ್ಷದ್ದು, ರಾಜೇಶ್ ವೀರರಾಘವನ್ ಜೊತೆ ಬರೆದದ್ದು. ಇಲ್ಲಿ ಮಾತಾಡಿಸಿದ್ದು ಆಪ್, ಎಐ ಕಟ್ಟುವ 68 ಮಂದಿಯನ್ನು. ಹಳ್ಳಿಯಿಂದ ಮಾಹಿತಿ ತಂದುಕೊಡುವ ಕೆಲಸಗಾರರನ್ನು ಇವರು ಹೇಗೆ ನೋಡುತ್ತಾರೆ? ಸೋಮಾರಿಗಳು, ಲಂಚಕೋರರು, ಹೇಳಿದ ಮಾತು ಕೇಳದವರು ಎಂದು. ಹಾಗಾಗಿ ಕಟ್ಟಿದ ಆಪ್‌ಗಳಲ್ಲೂ ಅದೇ ಬುದ್ಧಿ: ಕಣ್ಣಿಡು, ಫೋಟೊ ಕೇಳು, ಅಂಕ ಕೊಡು. ಆ ಕೆಲಸಗಾರರಿಗೆ ಊರು ಗೊತ್ತು, ಮನೆ ಗೊತ್ತು, ರೋಗ ಗೊತ್ತು, ಬೆಳೆ ಗೊತ್ತು. ಆ ತಿಳಿವಳಿಕೆಗೆ ಆಪ್‌ನಲ್ಲಿ ಕಾಲಂ ಇಲ್ಲ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು, ಬೆಳೆ ಸಮೀಕ್ಷೆಗೆ ಹೋಗುವ ಹುಡುಗರು. 2021ರಲ್ಲಿ ಅಂಗನವಾಡಿಗೆ ಪೋಷಣ್ ಟ್ರ್ಯಾಕರ್ ಬಂತು. 2023ರ ಜನವರಿ 1ರಿಂದ ನರೇಗಾ ಹಾಜರಿಗೆ ಆಪ್ ಕಡ್ಡಾಯವಾಯಿತು, ದಿನಕ್ಕೆ ಎರಡು ಸಲ ಫೋಟೊ. ನೆಟ್‌ವರ್ಕ್ ಇಲ್ಲದ ಕಡೆ ಕೆಲಸ ಮಾಡಿದವರು ಹಾಜರಿ ಹಾಕಲು ಗುಡ್ಡ ಹತ್ತುವುದು ಹೇಗೆ ಎಂದು ಯಾರೂ ಕೇಳಲಿಲ್ಲ. 2025ರ ಜುಲೈ 8ರಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಕಳಿಸಿ, ಆಪ್‌ನಲ್ಲಿ ಕೆಲಸಕ್ಕೆ ಸಂಬಂಧವಿಲ್ಲದ ಫೋಟೊ, ಫೋಟೊದ ಫೋಟೊ ಎಲ್ಲ ಬರುತ್ತಿದೆ ಎಂದಿತು. ಪರಿಹಾರ ಏನು ಕೊಟ್ಟರು? ಪಂಚಾಯತಿಯವರು ಆ ಫೋಟೊಗಳನ್ನು ಒಂದೊಂದಾಗಿ ಪರಿಶೀಲಿಸಬೇಕಂತೆ. ಕಣ್ಣಿಡಲು ಆಪ್, ಆಪ್ ಮೇಲೆ ಕಣ್ಣಿಡಲು ಮನುಷ್ಯ. ನಡುವೆ ಕೂಲಿಯವರ ಹಾಜರಿ.

ಕಳ್ಳ ಹಾಜರಿ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ, ಅದು ನಿಲ್ಲಬೇಕು. ಆದರೆ ಎಲ್ಲರನ್ನೂ ಕಳ್ಳರೆಂದು ಎಣಿಸಿ ಕಟ್ಟಿದ ಆಪ್ ಕಳ್ಳರನ್ನು ಹಿಡಿಯಲಿಲ್ಲ, ಪ್ರಾಮಾಣಿಕರನ್ನು ಸತಾಯಿಸಿತು ಎಂದು ಸುತ್ತೋಲೆಯೇ ಸಾರುತ್ತಿದೆ.

2025ರ ಸೆಪ್ಟೆಂಬರ್ 22ರಿಂದ ನಡೆದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯನ್ನೂ ನೆನಪಿಸಿಕೊಳ್ಳಿ. ಮೀಟರ್ ನೋಡಿ ಮನೆಗೆ ಸ್ಟಿಕ್ಕರ್ ಅಂಟಿಸಿದ್ದರು. ಶಿಕ್ಷಕರು ಮೊಬೈಲ್ ಹಿಡಿದು ಮನೆ ಹುಡುಕುತ್ತ ನಡೆದರು. ಆಪ್ ಸತಾಯಿಸಿತು, ಸರ್ವರ್ ಸತಾಯಿಸಿತು, ಬೈಗುಳ ಬಿದ್ದದ್ದು ಶಿಕ್ಷಕರಿಗೆ. ಊರಿನ ಅಂಗನವಾಡಿ ಶಿಕ್ಷಕಿಯನ್ನು ಒಂದು ಮಾತು ಕೇಳಿದ್ದರೆ ಯಾವ ಮನೆ ಎಲ್ಲಿದೆ, ಯಾವುದಕ್ಕೆ ಬೀಗ ಬಿದ್ದಿದೆ, ಯಾರು ಮುಂಬೈಯಲ್ಲಿದ್ದಾರೆ ಎಂದು ಕೂತಲ್ಲೇ ಹೇಳುತ್ತಿದ್ದರು. ಅವರ ತಲೆಯಲ್ಲಿ ಇರುವ ನಕ್ಷೆಗೆ ಚಾರ್ಜ್ ಬೇಕಿಲ್ಲ, ನೆಟ್‌ವರ್ಕ್ ಬೇಕಿಲ್ಲ.

ಬರೆದದ್ದು ಊರಿಗೆ ಯಾಕೆ ಬರಲಿಲ್ಲ?

ಇಷ್ಟು ಸರಿಯಾಗಿ ನಮ್ಮ ಬಗ್ಗೆ ಬರೆದಿದ್ದರೂ ನಮಗೆ ಯಾಕೆ ಗೊತ್ತಾಗಲಿಲ್ಲ? ಒಬ್ಬರ ಮೇಲೆ ತಪ್ಪು ಹೊರಿಸುವ ವಿಷಯ ಇದಲ್ಲ. ಸಂಶೋಧಕರನ್ನು ಅಳೆಯುವ ಮಾಪು ಹಾಗಿದೆ. ಎಷ್ಟು ಲೇಖನ, ಎಲ್ಲಿ ಬಂತು, ಅದನ್ನು ಎಷ್ಟು ಬೇರೆ ಲೇಖನಗಳು ಹೆಸರಿಸಿದವು ಎಂಬುದೇ ಲೆಕ್ಕ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಒಂದು ಸೂತ್ರ ಕೊಟ್ಟರು. ನಿಮ್ಮ 10 ಲೇಖನಗಳನ್ನು ತಲಾ 10 ಸಲವಾದರೂ ಬೇರೆಯವರು ಹೆಸರಿಸಿದ್ದರೆ ನಿಮ್ಮ ಅಂಕ 10. ಅದನ್ನು ಎಚ್-ಸೂಚ್ಯಂಕ ಅನ್ನುತ್ತಾರೆ. ಕೆಲಸ, ಬಡ್ತಿ, ಹಣ ಎಲ್ಲದಕ್ಕೂ ಈಗ ಇಂಥ ಅಂಕ ನೋಡುತ್ತಾರೆ.

ಆ ಲೆಕ್ಕದಲ್ಲಿ ಇನ್ನೊಬ್ಬ ಪ್ರೊಫೆಸರ್ ಹೆಸರಿಸಿದರೆ ಒಂದು ಅಂಕ. ಬೈಂದೂರಿನ ಒಂದು ಕೇಂದ್ರದಲ್ಲಿ ಕೌಂಟರಿನ ರೀತಿ ಬದಲಾದರೆ ಸೊನ್ನೆ. ಮಾತಾಡಿಸಿದ ಹೆಂಗಸಿನ ಭಾಷೆಯಲ್ಲಿ ಎರಡು ಪುಟ ಬರೆದು ಕೊಟ್ಟರೂ ಸೊನ್ನೆ. ಹಾಗಿರುವಾಗ ಯಾರು ಬರೆದಾರು?

ಮೊದಲು ದುಡ್ಡಿನ ಬೀಗವೂ ಇತ್ತು, ಎಷ್ಟೋ ಲೇಖನ ಓದಲು ಚಂದಾ ಕಟ್ಟಬೇಕಿತ್ತು. ಈ ಸಮ್ಮೇಳನಗಳನ್ನು ನಡೆಸುವ ಎಸಿಎಂ ಸಂಸ್ಥೆ 2026ರ ಜನವರಿಯಿಂದ ತನ್ನ ಪ್ರಕಟಣೆಗಳನ್ನು ಎಲ್ಲರಿಗೂ ತೆರೆದಿಡುವ ತೀರ್ಮಾನ ಮಾಡಿತು. ದುಡ್ಡಿನ ಬೀಗ ಹೋಯಿತು, ಭಾಷೆಯ ಬೀಗ ಹಾಗೇ ಇದೆ. ಈ ಪಟ್ಟಿಯಲ್ಲಿ ಬೆಂಗಳೂರು ಇದೆ, ಕನ್ನಡ ಇಲ್ಲ.

ಎರಡು ಆಕ್ಷೇಪ

"ಇದೆಲ್ಲ ಸ್ವಲ್ಪ ದಿನದ ಮಾತು, ಎಲ್ಲರೂ ಓದಿದವರಾದ ಮೇಲೆ ನಡುವಿನವರು ಬೇಡ" ಎಂದು ಒಂದು ವಾದ ಇದೆ. ನಮ್ಮ ಅನುಭವ ಹಾಗೆ ಹೇಳುವುದಿಲ್ಲ. 2001ರ ಹೊತ್ತಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದಾಗ, 15 ರೂಪಾಯಿಗೆ ಪಹಣಿ ಸಿಗುತ್ತದೆ, ಇನ್ನು ಮಧ್ಯವರ್ತಿಗಳಿಲ್ಲ ಎಂದರು. ಪಹಣಿ ಸುಲಭವಾಗಿ ಸಿಕ್ಕಿತು, ಅದು ದೊಡ್ಡ ಉಪಕಾರ, ಒಪ್ಪುತ್ತೇನೆ. ಆದರೆ ಅರ್ಜಿ ಬರೆದುಕೊಡುವವರು ಇಂದಿಗೂ ತಾಲೂಕು ಕಚೇರಿಯ ಎದುರಿಗೇ ಇದ್ದಾರೆ. ಓದಿದವರೂ ಅವರ ಹತ್ತಿರ ಹೋಗುತ್ತಾರೆ. ಯಾಕೆಂದರೆ ಜನ ಹುಡುಕುವುದು ಅಕ್ಷರ ಓದುವವರನ್ನು ಮಾತ್ರವಲ್ಲ, ಧೈರ್ಯ ಕೊಡುವವರನ್ನು. ತಪ್ಪು ಒತ್ತಿದರೆ ದುಡ್ಡು ಹೋದೀತು ಎಂಬ ಹೆದರಿಕೆಗೆ ಡಿಗ್ರಿ ಮದ್ದಲ್ಲ. ಮಾತಾಡುವ ಎಐ ಬಂದರೆ ಎಲ್ಲ ಸರಿಯಾಗುತ್ತದೆ ಎನ್ನುವವರಿಗೂ ಇದೇ ಉತ್ತರ. ಪುಸ್ತಕದ ಕನ್ನಡ ಕಲಿತ ಯಂತ್ರಕ್ಕೆ "ಎಂತ ಆಯ್ತ್ ಕಾಣಿ" ಅರ್ಥವಾಗಲಿ ಮೊದಲು.

ಎರಡನೆಯ ಆಕ್ಷೇಪ: "ನಡುವಿನವರು ಮೋಸ ಮಾಡುತ್ತಾರೆ." ಕೆಲವರು ಮಾಡುತ್ತಾರೆ, ಹೆಚ್ಚು ದುಡ್ಡು ಕೇಳುವವರೂ ಇದ್ದಾರೆ. ಅದಕ್ಕೇ ಅವರನ್ನು ಬೆಳಕಿಗೆ ತರಬೇಕು. ಈಗ ಆಪ್ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ, ಎಲ್ಲವನ್ನೂ ಅಜ್ಜಿಯೇ ಮಾಡಿದ್ದಾಳೆ. ಇಲ್ಲದವರನ್ನು ಹಿಡಿಯುವುದು ಹೇಗೆ?

ನಾವು ಕೇಳಬೇಕಾದದ್ದು

ಒಂದು, ಸರಕಾರದ ಪ್ರತಿ ಆಪ್‌ನಲ್ಲೂ "ಸಹಾಯ ಮಾಡಿದವರು" ಎಂಬ ಜಾಗ ಇರಲಿ. ಸಹಾಯ ಮಾಡುವವರು ತಮ್ಮ ಲಾಗಿನ್‌ನಿಂದಲೇ ಮಾಡಲಿ, ಅರ್ಜಿದಾರರು ಒಪ್ಪಿಗೆ ಮಾತ್ರ ಕೊಡಲಿ. ಕೇಂದ್ರಗಳಲ್ಲಿ ಲಾಗಿನ್ ಈಗಲೂ ಇದೆ, ಆದರೆ ಯಾರು ಏನು ಮಾಡಿದರು ಎಂಬುದು ಅರ್ಜಿದಾರರ ಕೈಗೆ ಅರ್ಥವಾಗುವ ಹಾಗೆ ಬರಬೇಕು.

ಎರಡು, ಕೆಲಸ ಮುಗಿದ ಮೇಲೆ ಕನ್ನಡದಲ್ಲಿ ಒಂದು ಮೆಸೇಜು ಬರಲಿ: ಇಂಥ ಕೆಲಸ ಆಯಿತು, ಇಂಥವರು ಮಾಡಿದರು, ಇಷ್ಟು ಶುಲ್ಕ. ಓದಲು ಬಾರದವರಿಗೆ ಅದೇ ಮಾತು ಧ್ವನಿಯಲ್ಲಿ ಬರಲಿ. ಮನೆಗೆ ಹೋಗಿ ಮೊಮ್ಮಗಳಿಂದ ಓದಿಸಿ ತಾಳೆ ನೋಡಬಹುದು.

ಮೂರು, ನಂಬರು ದೂರದ ಮಗನದ್ದಾದರೆ ಒಟಿಪಿಗೆ ಬದಲು ಬೇರೆ ದಾರಿ ಇರಲಿ. ಮಗ ಬಿಡುವಾದಾಗ, ರಾತ್ರಿ ಆದರೂ, "ಒಪ್ಪಿಗೆ ಇದೆ" ಎಂದು ಒತ್ತಿದರೆ ಅರ್ಜಿ ಮುಂದೆ ಹೋಗುವ ಹಾಗೆ. ತಾಯಿ ಎರಡನೆಯ ಸಲ ಬಸ್ಸು ಹತ್ತಿ ಬರುವುದು ತಪ್ಪುತ್ತದೆ.

ನಾಲ್ಕು, ಆಶಾ, ಅಂಗನವಾಡಿ, ಬೆಳೆ ಸಮೀಕ್ಷೆಯವರ ಆಪ್‌ಗಳಲ್ಲಿ "ಬೇರೆ ಕಾರಣ" ಎಂದು ಕನ್ನಡದಲ್ಲಿ ಬರೆಯಲು, ಮಾತಾಡಿ ಕಳಿಸಲು ಜಾಗ ಇರಲಿ. ಅದನ್ನು ಓದುವ ಜವಾಬ್ದಾರಿ ಒಬ್ಬ ಅಧಿಕಾರಿಗೆ ಇರಲಿ. ಆಪ್ ಬದಲಿಸುವ ಮುಂಚೆ ಕರಾವಳಿ, ಮಲೆನಾಡು, ಬಯಲುಸೀಮೆಯಿಂದ ನಾಲ್ಕು ಜನರನ್ನಾದರೂ ಕೂರಿಸಿ ಕೇಳಲಿ.

ಐದು, ಕರ್ನಾಟಕದ ಜನರ ಬಗ್ಗೆ ಸಂಶೋಧನೆ ಮಾಡುವ ಯಾವ ಸಂಸ್ಥೆಯೇ ಆಗಲಿ, ದೇಶದ್ದೋ ವಿದೇಶದ್ದೋ, ಕೊನೆಗೆ ಎರಡು ಪುಟ ಕನ್ನಡದಲ್ಲಿ ಬರೆದು ಆ ಊರಿನ ಪಂಚಾಯತಿಗೆ ಕೊಡಲಿ. ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೀತಿ ಸಮಿತಿಗಳು ಇದನ್ನು ಶರತ್ತು ಮಾಡಲಿ. ಮಾತು ಕೊಟ್ಟ ಹೆಂಗಸಿನ ಹೆಸರು ಲೇಖನದಲ್ಲಿ ಹಾಕಬೇಡಿ, ಅದು ಅವಳ ರಕ್ಷಣೆಗೆ ಬೇಕು. ಆದರೆ ಅವಳ ಮಾತಿನಿಂದ ಏನು ಕಂಡಿರಿ ಎಂದು ಅವಳಿಗೆ ಹೇಳುವುದರಿಂದ ಯಾರಿಗೂ ನಷ್ಟವಿಲ್ಲ.

ಈ ಐದರಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ. ಫೋನು ಹಿಡಿದ ಕೈಯ ಪಕ್ಕದಲ್ಲಿ ಇನ್ನೊಂದು ಕೈ ಇದೆ ಎಂದು ಒಪ್ಪಿಕೊಂಡರೆ ಸಾಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ದೀಪ, ನೀರಿನ ಜೊತೆಗೆ ಇದನ್ನೂ ಒಂದು ವಿಷಯ ಮಾಡಿ. "ಒಟಿಪಿ ಯಾರಿಗೂ ಹೇಳಬಾರದು ಅಂತೀರಿ, ಹಾಗಾದರೆ ನನ್ನ ಕೆಲಸ ಹೇಗೆ ಆಗಬೇಕು, ಬರೆದು ಕೊಡಿ" ಎಂದು ಕೇಳಿ. ಉತ್ತರ ಲಿಖಿತವಾಗಿ ಬರಲಿ. ಬಂದರೆ ನಮಗೂ ಕಳಿಸಿ, ಹಾಕುತ್ತೇವೆ.